ಕೋಟಿ ವರ್ಷ ಕೆಡದ ಮಾಂಸ

ಒಂದು ವರ್ಷಕ್ಕೆ ಒಂದು ಮಿಲಿಮೀಟರು. ಈ ಲೆಕ್ಕ ಹಿಡಿದು ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಪುಣೆ ಹೆದ್ದಾರಿಯಲ್ಲಿ ಹಿಂದಿನ ಕಾಲಕ್ಕೆ ಹೊರಡೋಣ. 80 ವರ್ಷದ ತುಂಬು ಬಾಳು ಅಂಗೈ ಅಗಲದಲ್ಲಿ, 8 ಸೆಂಟಿಮೀಟರಿಗೇ ಮುಗಿಯಿತು. ಹಲ್ಮಿಡಿ ಶಾಸನ ಒಂದೂವರೆ ಮೀಟರು ಚಿಲ್ಲರೆ. ಬುದ್ಧ ಎರಡೂವರೆ ಮೀಟರು. ಮನುಷ್ಯ ಬರೆಯಲು ಕಲಿತು 5,000 ವರ್ಷವಾಯಿತಲ್ಲ, ಅದು ಐದೇ ಮೀಟರು. ಅರ್ಧ ಬಸ್ಸಿನ ಉದ್ದವೂ ಆಗಲಿಲ್ಲ. ಒಂದು ಕೋಟಿ ವರ್ಷ ಬೇಕೆಂದರೆ 10 ಕಿಲೋಮೀಟರು ಹೋಗಬೇಕು. ಈ ದಾರಿಯಲ್ಲಿ ಎಲ್ಲಿಯವರೆಗೆ ಮಾಂಸ ಕೆಡದೆ ಉಳಿದೀತು? ವಿಜ್ಞಾನಿಗಳು, ಪತ್ರಕರ್ತರು, ಹೋಟೆಲಿನ ಬಾಣಸಿಗರು ಕೊಟ್ಟಿರುವ ಉತ್ತರಗಳನ್ನು ಕೇಳಿದರೆ ತಲೆ ತಿರುಗುತ್ತದೆ.

ಮೊದಲು 44 ಮೀಟರು. ಸೈಬೀರಿಯಾದ ಬೆರೆಜೊವ್ಕಾ ನದಿಯ ದಂಡೆಯಲ್ಲಿ ಸುಮಾರು 44,000 ವರ್ಷ ಹಿಮದಲ್ಲಿ ಹೂತಿದ್ದ ಮ್ಯಾಮತ್ ಅನ್ನು 1901ರಲ್ಲಿ ಅಗೆದು ತೆಗೆದರು. ಹಲ್ಲಿನ ಸಂದಿಯಲ್ಲಿ ಹುಲ್ಲು ಹಾಗೇ ಇತ್ತು. ಇಷ್ಟು ನಿಜ. ಅದರ ಮಾಂಸವನ್ನು ಸೇಂಟ್ ಪೀಟರ್ಸ್‌ಬರ್ಗ್‌ನ ಔತಣದಲ್ಲಿ ಬಡಿಸಿದರೆಂಬುದು ಕಟ್ಟುಕಥೆ. ಅಗೆದವರಿಗೆ ಅದರ ನಾತ ತಡೆಯುವುದೇ ಕಷ್ಟವಾಗಿತ್ತು, ತಿಂದದ್ದು ನಾಯಿಗಳು. ಹಾಗೆಂದು ಯಾರೂ ತಿಂದೇ ಇಲ್ಲ ಎನ್ನುವಂತಿಲ್ಲ. ಅಲಾಸ್ಕಾದಲ್ಲಿ ಸಿಕ್ಕ, ಆಗಿನ ಲೆಕ್ಕಕ್ಕೆ 36,000 ವರ್ಷದ ಕಾಡುಕೋಣದ ಕತ್ತಿನ ತುಂಡೊಂದನ್ನು ಡೇಲ್ ಗಥ್ರೀ ಎಂಬ ವಿಜ್ಞಾನಿ 1984ರಲ್ಲಿ ತರಕಾರಿ ಹಾಕಿ ಬೇಯಿಸಿ ಸ್ನೇಹಿತರೊಂದಿಗೆ ಉಂಡ. ಯಾರಿಗೂ ಏನೂ ಆಗಲಿಲ್ಲ!

ಈಗ 250 ಮೀಟರು. 1951ರ ಜನವರಿ 13, ನ್ಯೂಯಾರ್ಕಿನ ರೂಸ್‌ವೆಲ್ಟ್ ಹೋಟೆಲು, ಎಕ್ಸ್‌ಪ್ಲೋರರ್ಸ್ ಕ್ಲಬ್ಬಿನ ವಾರ್ಷಿಕ ಔತಣ. ಎಲೆಗೆ ಬಿದ್ದದ್ದು ಅಲಾಸ್ಕಾದ ಹಿಮದಿಂದ ತಂದ ಎರಡೂವರೆ ಲಕ್ಷ ವರ್ಷದ ಮ್ಯಾಮತ್ ಎಂದು ಪತ್ರಿಕೆಗಳು ಬರೆದವು. ಊಟಕ್ಕೆ ಬರಲಾಗದ ಸದಸ್ಯರೊಬ್ಬರು ತಮ್ಮ ಪಾಲನ್ನು ಸೀಸೆಯಲ್ಲಿ ತರಿಸಿಕೊಂಡು ಮ್ಯೂಸಿಯಮ್ಮಿನಲ್ಲಿ ಇಟ್ಟರು. ಸೀಸೆಯ ಚೀಟಿಯಲ್ಲಿ ಮ್ಯಾಮತ್ ಹೋಗಿ ಮೆಗಾಥೀರಿಯಂ, ಅಂದರೆ ಆನೆಯಷ್ಟು ದೊಡ್ಡ ನೆಲವಾಸಿ ಸ್ಲಾತ್ ಆಗಿತ್ತು. ಅರುವತ್ತೈದು ವರ್ಷದ ಬಳಿಕ, 2016ರಲ್ಲಿ, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ ತುಂಡಿನ ಡಿಎನ್‌ಎ ಪರೀಕ್ಷಿಸಿದರು. ಮ್ಯಾಮತ್ತೂ ಅಲ್ಲ, ಸ್ಲಾತೂ ಅಲ್ಲ: ಹಸಿರು ಕಡಲಾಮೆ. ಅಂದಿನ ಊಟದಲ್ಲಿ ಆಮೆಯ ಸೂಪೂ ಇತ್ತು! ಕಡಲಾಮೆಯನ್ನು ಸ್ಲಾತ್ ಆಗಿಸುವ ಕಷಾಯವೊಂದನ್ನು ತಾನು ಕಂಡುಹಿಡಿದಿರಬಹುದು ಎಂದು ಔತಣದ ಪ್ರಚಾರ ಮಾಡಿದ್ದ ಮಹಾಶಯನೇ ಆ ಕಾಲದಲ್ಲಿ ಕುಚೋದ್ಯವಾಗಿ ಬರೆದುಕೊಂಡಿದ್ದ.  ಎರಡೂವರೆ ಲಕ್ಷ ವರ್ಷ ಎಂದದ್ದು ಎರಡೂವರೆ ಗಂಟೆಯ ಹಿಂದೆ ಒಲೆಯಿಂದ ಇಳಿದದ್ದೇನೋ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಏಕೆಂದರೆ ನಂಬಲರ್ಹ ದಾಖಲೆಯ ಗಡಿ ಹತ್ತಿರದಲ್ಲೇ ಇದೆ. ಸೈಬೀರಿಯಾದ ಮ್ಯಾಮತ್ ಹಲ್ಲುಗಳಿಂದ 2021ರಲ್ಲಿ 10 ಲಕ್ಷ ವರ್ಷಕ್ಕೂ ಹಳೆಯ ಡಿಎನ್‌ಎ ಓದಿದರು. 2022ರಲ್ಲಿ ಗ್ರೀನ್‌ಲ್ಯಾಂಡಿನ ಮಣ್ಣಿನಿಂದ 20 ಲಕ್ಷ ವರ್ಷದ್ದು. ಅದೂ ಮಂಜುಗಡ್ಡೆಯ ನೆಲದಲ್ಲಿ, ಚೂರುಚೂರಾಗಿ. ನಮ್ಮ ಹೆದ್ದಾರಿಯಲ್ಲಿ ಇದು 2 ಕಿಲೋಮೀಟರು: ಮಲ್ಲೇಶ್ವರದ ಅಂಚು. ಬಸ್ಸು ಇನ್ನೂ ಊರೇ ಬಿಟ್ಟಿಲ್ಲ.

ಆದರೆ ಹಕ್ಕುಸಾಧಕರು ನಿಲ್ಲುವವರೇ? ನೆಲಮಂಗಲದ ಆಸುಪಾಸಿನಲ್ಲಿ, 2.5ರಿಂದ 4 ಕೋಟಿ ವರ್ಷದ ಹಿಂದೆ ಅಂಬರ್‌ನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ, ಸಿಕ್ಕಿಬಿದ್ದ ಜೇನುಹುಳದ ಹೊಟ್ಟೆಯಿಂದ ಬ್ಯಾಕ್ಟೀರಿಯಾ ತೆಗೆದು ಜೀವ ಬರಿಸಿದೆವೆಂದರು, 1995ರಲ್ಲಿ. ಕ್ಯಾತ್ಸಂದ್ರಕ್ಕೆ ಬರುವಷ್ಟರಲ್ಲಿ, 6.6 ಕೋಟಿ ವರ್ಷದ ಡೈನೋಸಾರಿನ ಎದೆಗೂಡಿನೊಳಗೆ ನಾಲ್ಕು ಕೋಣೆಯ ಹೃದಯವೇ ಸಿಕ್ಕಿತೆಂದು 2000ದಲ್ಲಿ ಸುದ್ದಿ. 2011ರ ಪರೀಕ್ಷೆಯಲ್ಲಿ ಅದು ಗಟ್ಟಿಕಟ್ಟಿದ ಮರಳು. ಅದಕ್ಕಿಂತ 2 ಕಿಲೋಮೀಟರು ಮುಂದೆ, 6.8 ಕೋಟಿ ವರ್ಷದ ಟೈರನೋಸಾರಸ್‌ನ ತೊಡೆಮೂಳೆಯಲ್ಲಿ ಎಳೆದರೆ ಹಿಗ್ಗುವ ಮೆತ್ತನೆಯ ಅಂಗಾಂಶ ಉಳಿದಿದೆಯೆಂದು ಮೇರಿ ಶ್ವೈಟ್ಜರ್ 2005ರಲ್ಲಿ ತೋರಿಸಿದರು. ಅದರ ಜಗಳ ಇನ್ನೂ ಮುಗಿದಿಲ್ಲ.

ತುಮಕೂರು ದಾಟಿತು, 80 ಕಿಲೋಮೀಟರು. ಅಮೆರಿಕದ ಯೂಟಾದ ಕಲ್ಲಿದ್ದಲು ಗಣಿಯಲ್ಲಿ ಸಿಕ್ಕ 8 ಕೋಟಿ ವರ್ಷದ ಮೂಳೆಯಲ್ಲಿ ಡೈನೋಸಾರಿನ ಡಿಎನ್‌ಎ ಇದೆಯೆಂದು 1994ರಲ್ಲಿ ‘ಸೈನ್ಸ್’ ಪತ್ರಿಕೆಯೇ ಅಚ್ಚು ಹಾಕಿತು. ಇದರ ಅಂಕಗಣಿತ ಮಾಡಿ ನೋಡುವ ಮಜಾ ಬೇರೆಯೇ. ನ್ಯೂಜಿಲೆಂಡಿನ ಮೋವಾ ಹಕ್ಕಿಯ 158 ಮೂಳೆಗಳನ್ನು ಪರೀಕ್ಷಿಸಿ 2012ರಲ್ಲಿ ಕೊಟ್ಟ ಲೆಕ್ಕ ಇದು: ಅಲ್ಲಿನ ಹವೆಯಲ್ಲಿ ಡಿಎನ್‌ಎ 521 ವರ್ಷಕ್ಕೊಮ್ಮೆ ಅರ್ಧ ಹಾಳಾಗುತ್ತದೆ. ಹತ್ತು ಸಲ ಅರ್ಧವಾದರೆ, ಅಂದರೆ 5,210 ವರ್ಷಕ್ಕೆ, ಸಾವಿರದಲ್ಲಿ ಒಂದು ಪಾಲು ಉಳಿಯಿತು. 8 ಕೋಟಿ ವರ್ಷಕ್ಕೆ ಅದು 1,53,000 ಸಲಕ್ಕೂ ಹೆಚ್ಚು ಅರ್ಧವಾಗಬೇಕು. ಆಗ ಉಳಿಯುವುದು ಎಷ್ಟರಲ್ಲಿ ಒಂದು ಪಾಲು? ಆ ‘ಎಷ್ಟ’ರಲ್ಲಿ 46,000ಕ್ಕೂ ಹೆಚ್ಚು ಅಂಕೆಗಳಿವೆ, ಪುಟಕ್ಕೆ 2,000 ಅಂಕೆಯಂತೆ ಬರೆದರೆ 23 ಪುಟ ತುಂಬಿಯೂ ಮುಗಿಯದು. ಕಾಣುವ ವಿಶ್ವದ ಅಷ್ಟೂ ಪರಮಾಣುಗಳ ಎಣಿಕೆ ಬರೆಯಲು ಸುಮಾರು 80 ಅಂಕೆ, ಎರಡು ಸಾಲು, ಸಾಕು! ಯೂಟಾದ ಆ ಲೇಖನ ಅಚ್ಚಾದ ಮರುವರ್ಷವೇ ಬೇರೆ ತಂಡಗಳು ಅದನ್ನು ಪರಿಶೀಲಿಸಿದವು. ಸಿಕ್ಕಿದ್ದ ಡಿಎನ್‌ಎ ಮನುಷ್ಯನದು.

ಶಿರಾ ಆಚೆ ಈಚೆ, 12ರಿಂದ 13.5 ಕೋಟಿ ವರ್ಷದ ಲೆಬನಾನಿನ ಅಂಬರ್‌ನೊಳಗಿನ ಸೊಂಡಿಲುಹುಳ. ಅದರ ಡಿಎನ್‌ಎ ಸಿಕ್ಕಿತೆಂಬ ಲೇಖನ 1993ರ ಜೂನಿನಲ್ಲಿ, ‘ಜುರಾಸಿಕ್ ಪಾರ್ಕ್’ ಸಿನಿಮಾ ತೆರೆಕಂಡ ವಾರವೇ ಬಂತು. ಮುಹೂರ್ತ ಇಟ್ಟವರಿಗೆ ಶರಣು. ಲಂಡನ್ನಿನ ತಂಡ ಅಂಬರ್‌ನ ಹುಳಗಳ ಮೇಲೆ ಅದೇ ಪ್ರಯೋಗ ಮಾಡಿದಾಗ ಏನೂ ದಕ್ಕಲಿಲ್ಲ.

ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಜುರಾಸಿಕ್ ಯುಗ. ಇಲ್ಲಿಂದ ಬಂದದ್ದು ಬರೀ ಮಾಂಸವಲ್ಲ, ಸಜೀವ ಪ್ರಾಣಿ! ಫ್ರಾನ್ಸಿನ ರೈಲು ಸುರಂಗದಲ್ಲಿ ಬಂಡೆ ಒಡೆದಾಗ 3.22 ಮೀಟರ್ ರೆಕ್ಕೆಹರವಿನ ಟೆರೊಡ್ಯಾಕ್ಟಿಲ್ ಎಂಬ ಹಾರುವ ಸರೀಸೃಪ ಹೊರಬಂದು, ಕರ್ಕಶವಾಗಿ ಕೂಗಿ ಸತ್ತಿತೆಂದು 1856ರ ಫೆಬ್ರವರಿಯಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವರದಿ ಮಾಡಿತು. ಸೆಂಟಿಮೀಟರಿನ ಲೆಕ್ಕವನ್ನೂ ಬಿಡದ ಸುಳ್ಳು! ಬಂಡೆಯೊಳಗೆ ಪ್ರಾಣಿ ಎಷ್ಟು ದಿನ ಬದುಕೀತೆಂದು ಅದಕ್ಕೂ ಮೂವತ್ತು ವರ್ಷ ಮೊದಲೇ ಇಂಗ್ಲೆಂಡಿನ ವಿಲಿಯಂ ಬಕ್‌ಲ್ಯಾಂಡ್ 24 ನೆಲಗಪ್ಪೆಗಳನ್ನು ಕಲ್ಲಿನ ಗುಳಿಗಳಲ್ಲಿ ಮುಚ್ಚಿ ತೋಟದಲ್ಲಿ ಹೂತು ನೋಡಿದ್ದ. ಎರಡನೆಯ ವರ್ಷ ಮುಗಿಯುವುದರೊಳಗೆ ಎಲ್ಲವೂ ಸತ್ತವು. ಕೋಟಿಗಟ್ಟಲೆ ವರ್ಷ ಎಲ್ಲಿ, ಎರಡು ವರ್ಷ ಎಲ್ಲಿ.

ದಾವಣಗೆರೆ ಬಂತು, 250 ಕಿಲೋಮೀಟರು. 25 ಕೋಟಿ ವರ್ಷದ ಉಪ್ಪಿನ ಹರಳಿನಿಂದ ಬ್ಯಾಕ್ಟೀರಿಯಾ ಎದ್ದು ಬಂತೆಂದು 2000ದಲ್ಲಿ ಪ್ರಕಟವಾಯಿತು. ಈಗಿನ ಬ್ಯಾಕ್ಟೀರಿಯಾಕ್ಕೂ ಅದಕ್ಕೂ ವ್ಯತ್ಯಾಸ ತೀರಾ ಕಡಿಮೆಯೆಂದು ಅನೇಕರು ಮೂಗು ಮುರಿದರು. ಹರಿಹರದ ಬಳಿ ಇಟಲಿಯ ಆಲ್ಪ್ಸ್‌ನ ಹಲ್ಲಿ: 28 ಕೋಟಿ ವರ್ಷ, ಚರ್ಮದ ಸಮೇತ, 1931ರಲ್ಲಿ ಸಿಕ್ಕದ್ದು. ಆ ಚರ್ಮ ಕಪ್ಪು ಬಣ್ಣ ಬಳಿದದ್ದೆಂದು 2024ರಲ್ಲಿ ಗೊತ್ತಾಯಿತು. ಒಂಬತ್ತು ದಶಕ ಆ ಪೇಂಟು ಚರ್ಮವೆಂದೇ ಬಾಳಿತು!

ಹುಬ್ಬಳ್ಳಿ, ಬೆಳಗಾವಿ ಎರಡೂ ಹಿಂದಾಗಿ ಸಂಕೇಶ್ವರದ ಹತ್ತಿರ 550 ಕಿಲೋಮೀಟರು. ಈ ಕಥೆ ನಮ್ಮ ದೇಶದ್ದೇ. ಮಧ್ಯಪ್ರದೇಶದ ಭೀಮಬೆಟ್ಕಾ ಗುಹೆಯ ಬಂಡೆಯಲ್ಲಿ ಎಲೆಯಂಥ ಅಚ್ಚೊಂದು ಕಂಡಿತು. 55 ಕೋಟಿ ವರ್ಷದ ಡಿಕಿನ್ಸೋನಿಯಾ, ಭೂಮಿಯ ಅತಿ ಹಳೆಯ ಪ್ರಾಣಿಗಳಲ್ಲೊಂದು ಎಂದು 2021ರಲ್ಲಿ ಲೇಖನ ಬಂತು, ದೇಶವಿದೇಶದ ಪತ್ರಿಕೆಗಳು ಕುಣಿದವು. ಬಳಿಕ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಜೋ ಮೀರ್ಟ್ ಮತ್ತು ಜೊತೆಗಾರರು ಹೋಗಿ ನೋಡಿದರೆ ಪಳೆಯುಳಿಕೆ ಬಂಡೆಯಿಂದ ಹಕ್ಕಳೆಯಂತೆ ಕಳಚಿ ಬೀಳುತ್ತಿದೆ. ಹೆಜ್ಜೇನಿನ ಹಳೇ ಗೂಡು; ಬರೀ ಮೇಣ. 2023ರಲ್ಲಿ ಇದು ಪ್ರಕಟವಾಯಿತು, ಮೊದಲ ಲೇಖನದ ಮುಖ್ಯ ಲೇಖಕರೂ ಒಪ್ಪಿಕೊಂಡರು. ಬಂಡೆಗೆ ಮಾತ್ರ 100 ಕೋಟಿ ವರ್ಷವೇ ಆಗಿರಬಹುದೆಂದು ಮೀರ್ಟ್ ತಂಡದ ಲೆಕ್ಕ. ಅಷ್ಟಕ್ಕೆ ಬಸ್ಸು ಪುಣೆ ದಾಟಿ ಮುಂಬೈ ಸೇರಬೇಕು.

ಭೀಮಬೆಟ್ಕಾಕ್ಕೆ ಹೋದರೆ ತಲೆಯೆತ್ತಿ ನೋಡಿ. ಹೆಜ್ಜೇನು ಆ ಬಂಡೆಗಳಲ್ಲಿ ಈಗಲೂ ಗೂಡು ಕಟ್ಟುತ್ತದೆ. ಪಳೆಯುಳಿಕೆಯೋ ಅಲ್ಲವೋ ಎಂದು ತಿಳಿಯಲು ಕಲ್ಲು ಮಾತ್ರ ಎಸೆಯಬೇಡಿ.