ಬಾಟಲಿಯಲ್ಲಿ ಗುಳ್ಳೆ ನಿಧಾನವಾಗಿ ಏರಿದರೆ ಜೇನುತುಪ್ಪ ಶುದ್ಧವೇ?

ಬಾದಾಮಿ, ಹುನಗುಂದ, ಇಳಕಲ್ ಕಡೆ ರಸ್ತೆ ಬದಿ ಜೇನುತುಪ್ಪ ಕೊಳ್ಳಲು ನಿಂತಿದ್ದೀರಿ ಎಂದುಕೊಳ್ಳಿ. ಮಾರುವವರು ಬಾಟಲಿಯನ್ನು ತಲೆಕೆಳಗು ಮಾಡುತ್ತಾರೆ. ಒಳಗಿನ ಗಾಳಿ ಗುಳ್ಳೆ ನಿಧಾನವಾಗಿ ಮೇಲೇರುತ್ತದೆ. ‘ನೋಡ್ರಿ, ಅಸಲಿ ಜೇನು!’ ಎನ್ನುತ್ತಾರೆ. ಇದನ್ನು ನಂಬಬಹುದೇ?

ಗುಳ್ಳೆ ಏಕೆ ನಿಧಾನ?

ಗುಳ್ಳೆ ಮೇಲೇರಬೇಕಾದರೆ ಅದರ ಮೇಲಿರುವ ದ್ರವ ಪಕ್ಕಕ್ಕೆ ಸರಿದು ಕೆಳಗೆ ಹರಿಯಬೇಕು. ದ್ರವ ಮಂದವಾಗಿದ್ದಷ್ಟೂ ಈ ಹರಿವು ನಿಧಾನ. ಹರಿವಿಗೆ ಎದುರಾಗುವ ಈ ಅಡ್ಡಿಯೇ ಸ್ನಿಗ್ಧತೆ. ನೀರಿನಲ್ಲಿ ಕೆಲವು ಮಿ.ಮೀ. ಗಾತ್ರದ ಗುಳ್ಳೆ ಸೆಕೆಂಡಿಗೆ ಸುಮಾರು 20-30 ಸೆಂ.ಮೀ. ಏರುತ್ತದೆ. ಜೇನಿನಲ್ಲಿ 1 ಮಿ.ಮೀ. ಗುಳ್ಳೆ ಕೆಲವೇ ಮಿ.ಮೀ. ಏರಲು ಒಂದು ನಿಮಿಷ ಬೇಕಾಗಬಹುದು.

ಗಾತ್ರವೂ ಮುಖ್ಯ. ಮಂದ ದ್ರವದಲ್ಲಿ ಸಣ್ಣ ಗುಳ್ಳೆಯ ಗಾತ್ರ ಇಮ್ಮಡಿಯಾದರೆ ವೇಗ ಸುಮಾರು ನಾಲ್ಕು ಪಟ್ಟಾಗುತ್ತದೆ. ಬಾಟಲಿ ಕಿರಿದಾಗಿದ್ದರೆ ದ್ರವ ಇಳಿಯಲು ಜಾಗ ಸಾಲದೆ ಗುಳ್ಳೆ ಇನ್ನೂ ತಡವಾಗುತ್ತದೆ.

ಪರೀಕ್ಷೆ ಸೋಲುವುದೆಲ್ಲಿ?

ಗುಳ್ಳೆ ತಿಳಿಸುವುದು ಮಂದತನವನ್ನು ಮಾತ್ರ, ಶುದ್ಧತೆಯನ್ನಲ್ಲ. ಶೇಂಗಾ ಉಂಡಿಗೆ ಬೆಲ್ಲದ ಪಾಕ ತೆಗೆದವರಿಗೆ ಇದು ಗೊತ್ತು. ನೀರು ಆರಿದಷ್ಟೂ ಪಾಕ ಗಟ್ಟಿಯಾಗುತ್ತದೆ. ಹಾಗೆ ಕುದಿಸಿದ ಸಕ್ಕರೆ ಪಾಕದಲ್ಲೂ ಗುಳ್ಳೆ ನಿಧಾನವಾಗಿಯೇ ಏರುತ್ತದೆ.

ಇನ್ನು ಅಸಲಿ ಜೇನೂ ತೆಳುವಾಗಿರಬಹುದು. ತಾಪಮಾನ 20 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಜೇನಿನ ಸ್ನಿಗ್ಧತೆ ಎಂಟ್ಹತ್ತು ಪಟ್ಟು ಇಳಿಯಬಹುದು. ಅಂದರೆ ಚಳಿಗಾಲದ ಬೆಳಿಗ್ಗೆ ‘ಪಾಸ್’ ಆದ ಅದೇ ಬಾಟಲಿ ಬಾಗಲಕೋಟೆಯ ಬೇಸಿಗೆ ಮಧ್ಯಾಹ್ನ ‘ಫೇಲ್’ ಆಗಬಹುದು! ಪೂರ್ತಿ ಮಾಗದ ಹುಟ್ಟಿನಿಂದ ತೆಗೆದ ಜೇನಿನಲ್ಲೂ ನೀರಿನಂಶ ಹೆಚ್ಚಿರುತ್ತದೆ.

ಹಾಗಾದರೆ ಏನು ಮಾಡಬೇಕು?

ಕಲಬೆರಕೆ ಪತ್ತೆಗೆ ಪ್ರಯೋಗಾಲಯವೇ ಬೇಕು. ಅಲ್ಲಿಯೂ ಇದು ಸುಲಭವಲ್ಲ. ಸಾಮಾನ್ಯ ಪರೀಕ್ಷೆಗಳನ್ನು ದಾಟುವಂತೆ ತಯಾರಿಸಿದ ಸಕ್ಕರೆ ಪಾಕವನ್ನು ಜೇನಿಗೆ ಬೆರೆಸಲಾಗುತ್ತಿದೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 2020ರಲ್ಲಿ ಹೇಳಿತ್ತು. ಕೊಳ್ಳುವಾಗ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಅಗ್‌ಮಾರ್ಕ್ ಗುರುತು ನೋಡಿ. ಇವು ಪೂರ್ಣ ಖಾತರಿ ಅಲ್ಲದಿದ್ದರೂ ದೂರು ಕೊಡಲು ದಾರಿ ಇರುತ್ತದೆ.

ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಕಣಗಳಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮಧುಮೇಹಿಗಳಿಗೂ ಜೇನು ಸಕ್ಕರೆಯೇ.

ಸಾರಾಂಶ: ನಿಧಾನವಾಗಿ ಏರುವ ಗುಳ್ಳೆ ದ್ರವ ಮಂದವಾಗಿದೆ ಎಂದಷ್ಟೇ ಹೇಳುತ್ತದೆ. ಅದನ್ನು ನೋಡಿ ಜೇನು ಅಸಲಿ ಎಂದು ತೀರ್ಮಾನಿಸುವುದು ತಪ್ಪು.