ಮೆತ್ತೆಯ ಕೆಳಗಿರುವ ಕುರ್ಚಿ

ಅಂಗಡಿಯಲ್ಲಿ ತೋಳುಕುರ್ಚಿ ಕೊಳ್ಳಲು ಹೋದವರು ಮೊದಲು ಬಟ್ಟೆ ಸವರಿ ನೋಡುತ್ತಾರೆ, ಆಮೇಲೆ ಕೂತು ನೋಡುತ್ತಾರೆ. ಕುರ್ಚಿಯನ್ನು ಬುಡಮೇಲು ಮಾಡಿ ನೋಡುವವರು ಕಡಿಮೆ. ಅದು ನಾಲ್ಕೈದು ವರ್ಷಕ್ಕೇ ಕಿರುಗುಟ್ಟುತ್ತದೋ, ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿ ನಿಲ್ಲುತ್ತದೋ ಎನ್ನುವುದು ತೀರ್ಮಾನವಾಗುವುದು ಮಾತ್ರ ಅಲ್ಲೇ, ಬಟ್ಟೆ ಮುಚ್ಚಿಟ್ಟ ಜಾಗದಲ್ಲಿ. ಒಳ್ಳೆಯ ಚೌಕಟ್ಟಿಗೆ ಹತ್ತಾರು ವರ್ಷಗಳಲ್ಲಿ ಎಷ್ಟು ಸಲ ಬೇಕಾದರೂ ಹೊಸ ಮೆತ್ತೆ ಹಾಕಿಸಬಹುದು. ಕೆಟ್ಟ ಚೌಕಟ್ಟಿಗೆ ಎಂಥ ಮಖಮಲ್ ಹೊದಿಸಿದರೂ ದುಡ್ಡು ದಂಡ. ಇಂಥ ಕುರ್ಚಿಯನ್ನು ಕೈಯಲ್ಲೇ ಕಟ್ಟುವುದು ಹೇಗೆ, ಪ್ರತಿ ಹಂತದ ಹಿಂದಿರುವ ಕಾರಣವೇನು ಎಂಬುದನ್ನು ನೋಡೋಣ. ನೀವೇ ಮಾಡಿದರೂ ಸರಿ, ಆಚಾರಿಯವರಿಂದ ಮಾಡಿಸಿದರೂ ಸರಿ, ಇದು ತಿಳಿದಿರಬೇಕು.

ಅಳತೆ ಶುರುವಾಗುವುದು ಮೊಣಕಾಲಿನಿಂದ

ಕೂರುವವರ ಮೊಣಕಾಲಿನ ಹಿಂಬದಿಯಿಂದ ನೆಲದವರೆಗಿನ ಎತ್ತರವೇ ಮೊದಲ ಅಳತೆ. ಸಾಮಾನ್ಯ ಎತ್ತರದವರಿಗೆ ಆಸನದ ಮುಂಭಾಗ ನೆಲದಿಂದ 16ರಿಂದ 17 ಇಂಚು ಇದ್ದರೆ ಸಾಕು. ಮಂಡಿನೋವಿರುವ ಹಿರಿಯರಿಗೆ 18 ಇಂಚು ಇದ್ದರೆ ಏಳುವುದು ಸುಲಭ. ಆಸನದ ಆಳ 20 ಇಂಚು. ಇದಕ್ಕಿಂತ ಹೆಚ್ಚಾದರೆ ಕುಳ್ಳಗಿರುವವರ ಬೆನ್ನು ಒರಗುವುದಿಲ್ಲ, ಅಥವಾ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಕೂತಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ಎರಡು ಬೆರಳು ಜಾಗ ಉಳಿಯಬೇಕು. ತೋಳುಗಳ ನಡುವೆ 21ರಿಂದ 22 ಇಂಚು. ಕೂತ ಮೇಲೆ ಆಸನದಿಂದ ತೋಳಿನ ಎತ್ತರ 8ರಿಂದ 9 ಇಂಚು. ಆಸನ ಹಿಂದಕ್ಕೆ ಒಂದು ಇಂಚಿನಷ್ಟು ಇಳಿಜಾರಾಗಿದ್ದು, ಬೆನ್ನು 10ರಿಂದ 15 ಡಿಗ್ರಿ ಹಿಂದಕ್ಕೆ ವಾಲಿದ್ದರೆ ಮೈ ತಾನಾಗಿ ಒರಗುತ್ತದೆ.

ಇಲ್ಲೊಂದು ಲೆಕ್ಕ ತಪ್ಪಬಾರದು. ಈ ಎತ್ತರದಲ್ಲಿ ಮೆತ್ತೆಯೂ ಸೇರಿದೆ. ಸ್ಪ್ರಿಂಗ್ ಮತ್ತು ನಾರಿನ ಮೆತ್ತೆ ಮರದ ಪಟ್ಟಿಯಿಂದ ಸುಮಾರು 4 ಇಂಚು ಮೇಲೇಳುತ್ತದೆ. ಆದ್ದರಿಂದ 17 ಇಂಚಿನ ಆಸನ ಬೇಕಿದ್ದರೆ ಮರದ ಪಟ್ಟಿಯ ಮೇಲಂಚು 13 ಇಂಚಿಗೇ ನಿಲ್ಲಬೇಕು.

ಕುರ್ಚಿಯ ಪಕ್ಕದ ನೋಟವನ್ನೂ ಮೇಲಿನಿಂದ ಕಾಣುವ ಆಸನದ ನೋಟವನ್ನೂ ಒಂದು ಪ್ಲೈವುಡ್ ಹಲಗೆಯ ಮೇಲೆ ನಿಜ ಅಳತೆಯಲ್ಲೇ ಬರೆದುಕೊಳ್ಳಿ. ಕಾಗದದ ಮೇಲಿನ ಚಿಕ್ಕ ಚಿತ್ರದಲ್ಲಿ ಕಾಣದ ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಮರ ಎಷ್ಟು, ಎಂಥದ್ದು

ಮುಂಗಾಲು ಎರಡು, 2×2×24 ಇಂಚು. ಬಾಗಿದ ಹಿಂಗಾಲು ಎರಡನ್ನೂ 2×6×36 ಇಂಚಿನ ಒಂದೇ ಹಲಗೆಯಲ್ಲಿ ಒಂದರ ಬಾಗಿನೊಳಗೆ ಇನ್ನೊಂದನ್ನು ಕೂರಿಸಿ ಕತ್ತರಿಸಬಹುದು. ಆಸನದ ಸುತ್ತ ಒಂದೂಕಾಲು ಇಂಚು ದಪ್ಪ, 3 ಇಂಚು ಅಗಲದ ನಾಲ್ಕು ಪಟ್ಟಿ, ಬೆನ್ನಿಗೆ ಎರಡು ಪಟ್ಟಿ, ತೋಳಿಗೆ ಎರಡು ತುಂಡು. ಎಲ್ಲ ಕೂಡಿದರೆ ಸುಮಾರು 1,350 ಘನ ಇಂಚು. ಒಂದು ಘನ ಅಡಿಗೆ 1,728 ಘನ ಇಂಚು. ಕುಯ್ಯುವಾಗ, ಹತ್ತರಿ ಹೊಡೆಯುವಾಗ ಹೋಗುವ ಮರ ಸೇರಿಸಿ ಒಂದೂಕಾಲು ಘನ ಅಡಿ ಕೊಂಡರೆ ಸಾಕಾಗುತ್ತದೆ.

ನಮ್ಮಲ್ಲಿ ಈ ಕೆಲಸಕ್ಕೆ ತೇಗವೇ ಮೊದಲ ಆಯ್ಕೆ. ಮಳೆಗಾಲದಲ್ಲಿ ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು ತೇಗದಲ್ಲಿ ಕಡಿಮೆ, ಒಳಗಿನ ಎಣ್ಣೆಯಂಶದಿಂದ ಗೆದ್ದಲಿಗೂ ಅದು ಬೇಗ ಸಿಗುವುದಿಲ್ಲ. ಹಲಸು, ಹೊನ್ನೆ ಕೂಡ ಒಳ್ಳೆಯವು. ಬೀಟೆ ಸುಂದರ ಮರ, ಆದರೆ ಭಾರ, ದುಬಾರಿ, ಕಡಿಯುವುದಕ್ಕೂ ಸಾಗಿಸುವುದಕ್ಕೂ ಕಾನೂನಿನ ಬಿಗಿಯಿದೆ. ಹಳೆಯ ಮನೆ ಬಿಚ್ಚಿದಾಗ ಸಿಗುವ ತೊಲೆ, ಬಾಗಿಲುವಾಡದ ಮರ ಚೆನ್ನಾಗಿ ಒಣಗಿರುತ್ತದೆ. ಅದರೊಳಗೆ ಮುರಿದು ಉಳಿದ ಮೊಳೆಗಳನ್ನು ಹುಡುಕಿ ತೆಗೆದರೆ ಅದಕ್ಕಿಂತ ಒಳ್ಳೆಯ ಸರಕಿಲ್ಲ.

ಯಾವ ಮರವಾದರೂ ಚೇಗನ್ನೇ ಬಳಸಬೇಕು. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಕುಟ್ಟೆ ಹುಳ ಅಲ್ಲಿಗೇ ಮೊದಲು ಬೀಳುತ್ತದೆ, ತೇಗದ ಬಿಳಿ ಭಾಗಕ್ಕೂ ರಿಯಾಯಿತಿಯಿಲ್ಲ. ಬಟ್ಟೆಯೊಳಗೆ ಕಾಣುವುದಿಲ್ಲವೆಂದು ಅಗ್ಗದ ಹಸಿ ಮರ, ಬಿಳಿ ಮರ ಸೇರಿಸುವುದು ಈ ಕೆಲಸದಲ್ಲಿ ನಡೆಯುವ ದೊಡ್ಡ ಮೋಸ. ಬಟ್ಟೆಯ ಮೇಲೆ ಹಿಟ್ಟಿನಂಥ ಪುಡಿ ಉದುರತೊಡಗುವವರೆಗೂ ಅದು ಗೊತ್ತಾಗುವುದಿಲ್ಲ. ಕುಯ್ದ ಹಲಗೆ ನೆರಳಿನಲ್ಲಿ ಒಣಗಲು ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಒಣಗಿದ ಮರವನ್ನು ಕೆಲಸಕ್ಕೆ ಮೊದಲು ಕೆಲವು ವಾರ ಮನೆಯೊಳಗೇ ಇಟ್ಟರೆ ಅಲ್ಲಿಯ ಹವೆಗೆ ಹೊಂದಿಕೊಳ್ಳುತ್ತದೆ. ಜಡಿಮಳೆಯ ದಿನಗಳಲ್ಲಿ ಜೋಡಣೆ ಮಾಡದಿರುವುದು ಲೇಸು. ಆಗ ಬಿಗಿಯಾಗಿ ಕೂತದ್ದು ಬೇಸಿಗೆಯಲ್ಲಿ ಸಡಿಲವಾಗುತ್ತದೆ.

ಹಿಂಗಾಲಿಗೆ ಹಲಗೆ ಆರಿಸುವಾಗ ಮರದ ಎಳೆ ಕಾಲಿನ ಬಾಗಿನ ಜೊತೆಗೇ ಹರಿದಿರುವ ಜಾಗ ಹುಡುಕಿ. ಎಳೆ ಬಾಗನ್ನು ಅಡ್ಡ ಹಾಯ್ದರೆ ಕಾಲು ಮುರಿಯುವುದು ಅಲ್ಲಿಯೇ.

ಭಾರ ಹೊರುವ ಜೋಡಣೆ

ಕೂತವರು ಹಿಂದಕ್ಕೆ ಒರಗಿದಾಗ ಅಷ್ಟೂ ಎಳೆತ ಬೀಳುವುದು ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಜಾಗದ ಮೇಲೆ. ಕುರ್ಚಿ ಅಲ್ಲಾಡಲು ಶುರುವಾಗುವುದು ನೂರಕ್ಕೆ ತೊಂಬತ್ತು ಪಾಲು ಅಲ್ಲಿಂದಲೇ. ಅಲ್ಲಿ ಮೊಳೆ, ಸ್ಕ್ರೂ ನಂಬಿದರೆ ಆಗದು. ಪಟ್ಟಿಯ ತುದಿಯಲ್ಲಿ ನಾಲಿಗೆ ಬಿಟ್ಟು, ಕಾಲಿನಲ್ಲಿ ಅದಕ್ಕೆ ತಕ್ಕ ತೂತು ಉಳಿಯಿಂದ ಕಡಿದು ಕೂರಿಸಬೇಕು.

ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ. ಇಂಚಿಗೆ 8 ನೂಲಿನ ಲೆಕ್ಕದಲ್ಲಿ ಒಂದೂಕಾಲು ಇಂಚಿನ ಪಟ್ಟಿಗೆ 3 ನೂಲು. ಉದ್ದ ಒಂದೂಕಾಲು ಇಂಚು ಇದ್ದರೆ ಒಳ್ಳೆಯ ಹಿಡಿತ. ಮೊದಲು ತೂತು ಕಡಿದು, ಆಮೇಲೆ ನಾಲಿಗೆಯನ್ನು ಅದಕ್ಕೆ ತಕ್ಕಂತೆ ಸವರುವುದು ಕ್ರಮ, ಏಕೆಂದರೆ ತೂತಿನ ಒಳಗೋಡೆ ತಿದ್ದುವುದಕ್ಕಿಂತ ನಾಲಿಗೆ ಸವರುವುದು ಸುಲಭ. ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ಮೆಲ್ಲನೆಯ ಪೆಟ್ಟು ಬೇಕು. ಸುತ್ತಿಗೆಯಿಂದ ಜಡಿಯಬೇಕಾಗಿ ಬಂದರೆ ಕಾಲು ಸೀಳುತ್ತದೆ. ಹಾಗೇ ಜಾರಿ ಹೋದರೆ ಅಂಟಿಗೆ ಹಿಡಿತವಿರುವುದಿಲ್ಲ.

ತೋಳುಕುರ್ಚಿಯ ಆಸನ ಮುಂದೆ ಅಗಲ, ಹಿಂದೆ ಕಿರಿದು. ಮುಂದೆ 22 ಇಂಚು, ಹಿಂದೆ 18 ಇಂಚು ಎಂದುಕೊಂಡರೆ 20 ಇಂಚು ಆಳದಲ್ಲಿ ಪ್ರತಿ ಪಕ್ಕ 2 ಇಂಚು ಒಳಸರಿಯುತ್ತದೆ, ಅಂದರೆ ಸುಮಾರು 6 ಡಿಗ್ರಿ ಓರೆ. ತೂತನ್ನು ಕಾಲಿಗೆ ನೇರವಾಗಿಯೇ ಕಡಿದು, ಓರೆಯನ್ನು ನಾಲಿಗೆಯಲ್ಲಿ ತರುವುದು ಹೊಸಬರಿಗೆ ಕ್ಷೇಮ. ಈ ಓರೆಯನ್ನು ಪ್ಲೈವುಡ್ ಚಿತ್ರದಿಂದಲೇ ಎತ್ತಿಕೊಳ್ಳಬೇಕು, ಅಂದಾಜಿನಲ್ಲಿ ಅಲ್ಲ.

ಅಂಟು ಹಚ್ಚುವ ಮೊದಲು ಇಡೀ ಕುರ್ಚಿಯನ್ನು ಒಣದಾಗಿಯೇ ಜೋಡಿಸಿ ನೋಡಿ. ನಾಲ್ಕು ಕಾಲೂ ನೆಲಕ್ಕೆ ಕೂತಿವೆಯೇ, ಆಸನದ ಎರಡು ಕರ್ಣಗಳ ಅಳತೆ ಒಂದೇ ಇದೆಯೇ ಪರೀಕ್ಷಿಸಿ. ಆಮೇಲೆ ಬಿಚ್ಚಿ ಮುಂಗಾಲಿನ ಜೋಡಿ, ಹಿಂಗಾಲಿನ ಜೋಡಿಗಳನ್ನು ಬೇರೆ ಬೇರೆ ಅಂಟಿಸಿ, ಮರುದಿನ ಪಕ್ಕದ ಪಟ್ಟಿಗಳಿಂದ ಎರಡನ್ನೂ ಕೂಡಿಸಿ. ತೋಳು ಕೊನೆಗೆ. ತೇಗದ ಎಣ್ಣೆಯಂಶ ಅಂಟನ್ನು ಬಿಡಿಸುತ್ತದೆ. ಆದ್ದರಿಂದ ಅಂಟು ಹಚ್ಚುವ ಮುನ್ನ ನಾಲಿಗೆಯನ್ನು ತಿನ್ನರ್ ಹಾಕಿದ ಬಟ್ಟೆಯಿಂದ ಒರೆಸಬೇಕು. ಈಗ ಎಲ್ಲರೂ ಬಳಸುವುದು ಫೆವಿಕಾಲ್. ಹಿಂದೆ ಬಳಸುತ್ತಿದ್ದ ಮರವಜ್ರ ಬಿಸಿ, ತೇವಕ್ಕೆ ಮೆತ್ತಗಾಗುತ್ತಿದ್ದುದರಿಂದ ಹಳೆಯ ಕುರ್ಚಿಗಳ ಜೋಡಣೆಯನ್ನು ಮರ ಮುರಿಯದೆ ಬಿಚ್ಚಬಹುದು. ಜೋಡಣೆಗೆ ಅಡ್ಡಲಾಗಿ ಒಂದು ಬಿದಿರಿನ ಮೊಳೆ ಹೊಡೆದರೆ ಇನ್ನೂ ಭದ್ರ, ಅದು ತುಕ್ಕು ಹಿಡಿಯುವುದಿಲ್ಲ. ಕೊನೆಗೆ ಆಸನದ ನಾಲ್ಕು ಒಳಮೂಲೆಗೂ ದಪ್ಪ ಮರದ ತುಂಡುಗಳನ್ನು ಅಂಟು, ಸ್ಕ್ರೂ ಹಾಕಿ ಕೂರಿಸಿ. ಅಗ್ಗದ ಕುರ್ಚಿಯಲ್ಲಿ ಮೊದಲು ಮಾಯವಾಗುವುದು ಇವೇ ನಾಲ್ಕು ತುಂಡುಗಳು.

ಮೆತ್ತೆ ಕೆಲಸದವರಿಗಾಗಿ ಬಡಗಿ ಮಾಡಿಡಬೇಕಾದ ಮೂರು ಕೆಲಸಗಳಿವೆ. ಬೆನ್ನಿನ ಕೆಳಪಟ್ಟಿಗೂ ಆಸನದ ಪಟ್ಟಿಗೂ ನಡುವೆ, ಮೆತ್ತೆಯ ದಪ್ಪ ಕಳೆದೂ ಬಟ್ಟೆ ಹಿಂದಕ್ಕೆ ಎಳೆಯುವಷ್ಟು ಸಂದು ಬಿಡಬೇಕು. ಆಸನದ ಪಟ್ಟಿಯ ಮೇಲಿನ ಹೊರ ಅಂಚನ್ನು ಅರದಿಂದ ಓರೆಯಾಗಿ ಉಜ್ಜಬೇಕು, ಮುಂದೆ ಮೊಳೆ ಹೊಡೆಯುವುದು ಆ ಓರೆಯ ಮೇಲೆ. ಹೊರಗೆ ಕಾಣುವ ಕಾಲು, ತೋಳುಗಳ ಪಾಲಿಶ್ ಬಟ್ಟೆ ಹಾಕುವ ಮೊದಲೇ ಮುಗಿಯಬೇಕು.

ಪಟ್ಟಿ, ಸ್ಪ್ರಿಂಗ್, ದಾರ

ಸ್ಪ್ರಿಂಗ್ ಆಸನಕ್ಕೆ 2 ಇಂಚು ಅಗಲದ ಸೆಣಬಿನ ಪಟ್ಟಿಯನ್ನು ಚೌಕಟ್ಟಿನ ಅಡಿಯಲ್ಲಿ ಬಿಗಿಯುತ್ತಾರೆ. ತುದಿಗೆ ಮೊಳೆ ಹೊಡೆದು, ಮಡಿಸಿ, ಮಡಿಕೆಯ ಮೇಲೆ ಮತ್ತೆ ಮೊಳೆ. ಇನ್ನೊಂದು ತುದಿಯನ್ನು ಕೈಯಲ್ಲಿ ಎಳೆದರೆ ಸಾಲದು, ಒಂದು ಮರದ ತುಂಡಿಗೆ ಸುತ್ತಿ ಚೌಕಟ್ಟಿಗೆ ಆನಿಸಿ ಸನ್ನೆ ಹಾಕಿ ಬಿಗಿಯಬೇಕು. ಉದ್ದದ ಪಟ್ಟಿಗಳ ಮೇಲೆ ಕೆಳಗೆ ಅಡ್ಡ ಪಟ್ಟಿಗಳು ಚಾಪೆ ಹೆಣೆದಂತೆ ಹಾಯಬೇಕು. ಎರಡು ಪಟ್ಟಿಗಳ ನಡುವಿನ ಸಂದು ಪಟ್ಟಿಯ ಅಗಲಕ್ಕಿಂತ ಹೆಚ್ಚಿರಬಾರದು. ಬೆರಳಿನಿಂದ ಬಡಿದರೆ ಠಣ್ಣನೆ ಸದ್ದು ಬಂದರೆ ಬಿಗಿ ಸರಿಯಿದೆ.

ಪಟ್ಟಿಗಳು ಕೂಡುವ ಜಾಗಗಳ ಮೇಲೆ 6 ಇಂಚು ಎತ್ತರದ ಒಂಬತ್ತು ಸ್ಪ್ರಿಂಗ್‌ಗಳನ್ನು ಮೂರು ಸಾಲಿನಲ್ಲಿ ನಿಲ್ಲಿಸಿ, ಪ್ರತಿಯೊಂದರ ಬುಡವನ್ನು ನಾಲ್ಕು ಕಡೆ ಹೊಲಿಯಬೇಕು. ಆಮೇಲೆ ಗಟ್ಟಿ ಸೆಣಬಿನ ಹುರಿಯಿಂದ ಸ್ಪ್ರಿಂಗ್‌ಗಳ ತಲೆಗಳನ್ನು ಹಿಂದೆ ಮುಂದೆ, ಎಡ ಬಲ, ಓರೆಯಾಗಿಯೂ ಕಟ್ಟಿ, ಒಂದೂವರೆ ಇಂಚು ಅದುಮಿ ಚೌಕಟ್ಟಿಗೆ ಬಿಗಿಯಬೇಕು. ಸ್ಪ್ರಿಂಗ್‌ಗಳು ಒಂದೊಂದೂ ತನ್ನ ಪಾಡಿಗೆ ವಾಲದೆ ಒಟ್ಟಿಗೆ ಇಳಿದು ಏಳುವುದು ಈ ಹುರಿಯಿಂದ. ಕೂತರೆ ಆಸನ ಒಂದು ಕಡೆ ಕುಸಿಯುತ್ತಿದ್ದರೆ ಸ್ಪ್ರಿಂಗ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಬಹಳ ಸಲ ಹರಿದಿರುವುದು ಹುರಿ, ಹುರಿಯಷ್ಟನ್ನೇ ಕಟ್ಟಿಸಿದರೆ ಸಾಕು.

ಅಂಚಿನ ಹೊಲಿಗೆ

ಸ್ಪ್ರಿಂಗ್‌ಗಳ ಮೇಲೆ ದಪ್ಪ ಗೋಣಿತಟ್ಟು ಎಳೆದು ಮೊಳೆ ಹೊಡೆದು, ಸ್ಪ್ರಿಂಗ್‌ಗಳ ತಲೆಯನ್ನು ಅದಕ್ಕೆ ಹೊಲಿಯಬೇಕು. ಅದರ ಮೇಲೆ ಅಂಗೈ ತೂರುವಷ್ಟು ಸಡಿಲವಾದ ದಾರದ ಕುಣಿಕೆಗಳನ್ನು ಸಾಲಾಗಿ ಹಾಕಿ, ಚೆನ್ನಾಗಿ ಬಿಡಿಸಿದ ತೆಂಗಿನ ನಾರನ್ನು ಅವುಗಳಡಿ ತುರುಕಬೇಕು. ಕುಣಿಕೆ ಇಲ್ಲದಿದ್ದರೆ ನಾರು ಕೆಲವೇ ತಿಂಗಳಲ್ಲಿ ಮೂಲೆಗೆ ಸರಿದು ನಡುವೆ ಹಳ್ಳ ಬೀಳುತ್ತದೆ. ನಾರಿನ ಮೇಲೆ ತೆಳು ಗೋಣಿಬಟ್ಟೆ ಹೊದಿಸಿ ಓರೆ ಅಂಚಿಗೆ ಮೊಳೆ ಹೊಡೆಯಬೇಕು.

ಕೆಲಸದ ಕೈಚಳಕ ಕಾಣುವುದು ಇಲ್ಲಿಂದ ಮುಂದೆ. ಎರಡೂ ತುದಿ ಚೂಪಾದ, ಸುಮಾರು 10 ಇಂಚಿನ ಸೂಜಿಯನ್ನು ಅಂಚಿನ ಪಕ್ಕದಿಂದ ಓರೆಯಾಗಿ ಮೇಲಕ್ಕೆ ಚುಚ್ಚುತ್ತಾರೆ. ಸೂಜಿ ಮೇಲೆ ಪೂರ್ತಿ ಹೊರಬರುವ ಮೊದಲೇ ನಿಲ್ಲಿಸಿ, ತುಸು ಪಕ್ಕಕ್ಕೆ ತಿರುಗಿಸಿ, ಮತ್ತೆ ಕೆಳಕ್ಕೇ ತರುತ್ತಾರೆ. ದಾರ ಮೇಲ್ಭಾಗದಲ್ಲಿ ಕಾಣುವುದೇ ಇಲ್ಲ. ಒಳಗೆ ಒಂದು ಹಿಡಿ ನಾರನ್ನು ಕುಣಿಕೆಯಲ್ಲಿ ಹಿಡಿದು ಅಂಚಿಗೆ ಎಳೆದುಕೊಂಡಿರುತ್ತದೆ. ಹೀಗೆ ಒಂದೆರಡು ಸಾಲು ಹೊಲಿದ ಮೇಲೆ ಇನ್ನೊಂದು ಸಾಲನ್ನು ಸೂಜಿಯನ್ನು ಮೇಲಕ್ಕೆ ಪೂರ್ತಿ ಹೊರತಂದು ಹೊಲಿಯುತ್ತಾರೆ. ಆಗ ಅಂಚಿನುದ್ದಕ್ಕೂ ಹೆಬ್ಬೆರಳು ಗಾತ್ರದ ಗಟ್ಟಿ ಸುರುಳಿ ಮೂಡುತ್ತದೆ. ಕೂರುವಾಗಲೂ ಏಳುವಾಗಲೂ ತೊಡೆಯ ಭಾರ ಬೀಳುವುದು ಈ ಮುಂದಿನ ಅಂಚಿನ ಮೇಲೆ. ನೂರಾರು ಸಲ ಒತ್ತಿದರೂ ಅದು ಮರಕ್ಕೆ ತಗಲದಂತೆ, ಆಕಾರ ಕೆಡದಂತೆ ಉಳಿಯುವುದು ಈ ಹೊಲಿಗೆಯಿಂದ.

ಸುರುಳಿಗಳ ನಡುವಿನ ತಗ್ಗಿಗೆ ಇನ್ನೊಂದಿಷ್ಟು ನಾರು, ಅದರ ಮೇಲೆ ಹಿಂಜಿದ ಅರಳೆ, ಅದರ ಮೇಲೆ ಮಾದರಪಾಟು ಬಟ್ಟೆ. ಆಕಾರ ನಿಲ್ಲುವುದು ಈ ಮಾದರಪಾಟಿನಲ್ಲಿ. ಹೊರ ಬಟ್ಟೆಗೆ ಎಳೆತದ ಕೆಲಸ ಉಳಿಯದಿದ್ದರೆ ಅದು ಹೆಚ್ಚು ದಿನ ಬಾಳುತ್ತದೆ. ಬೆನ್ನಿಗೆ ಸ್ಪ್ರಿಂಗ್ ಬೇಡ. ಪಟ್ಟಿ, ಗೋಣಿಬಟ್ಟೆ, ತೆಳುವಾದ ನಾರು, ಅರಳೆ ಸಾಕು.

ಇಷ್ಟು ಶ್ರಮ ಬೇಡವೆಂದರೆ ರಬ್ಬರ್ ಹಾಕಿದ ತೆಂಗಿನ ನಾರಿನ ಹಾಳೆ ಅಥವಾ ಫೋಮ್ ಬಳಸಬಹುದು. ಫೋಮ್ ಕೊಳ್ಳುವಾಗ ಸಾಂದ್ರತೆ ಕೇಳಿ. ದಿನಾ ಕೂರುವ ಆಸನಕ್ಕೆ ಘನ ಮೀಟರಿಗೆ 40 ಕಿಲೋ ಸಾಂದ್ರತೆಯದು ಒಳ್ಳೆಯದು. ಮುಟ್ಟಿದಾಗ ಗಟ್ಟಿ ಅನ್ನಿಸುವುದು ಬೇರೆ, ಸಾಂದ್ರತೆ ಬೇರೆ. ಗಟ್ಟಿಯಾಗಿದ್ದೂ ಸಾಂದ್ರತೆ ಕಡಿಮೆಯಿರುವ ಫೋಮ್ ಬೇಗ ಕುಸಿಯುತ್ತದೆ.

ಹೊರ ಬಟ್ಟೆ

ಮರದ ತೋಳು ಬಯಲಿಗಿರುವ ಇಂಥ ಕುರ್ಚಿಗೆ 54 ಇಂಚು ಪನ್ನದ ಬಟ್ಟೆ ಸುಮಾರು 2 ಮೀಟರ್ ಬೇಕು. ಮೊದಲು ಆಸನ, ಆಮೇಲೆ ಬೆನ್ನಿನ ಮುಂಭಾಗ, ಕೊನೆಗೆ ಹಿಂಭಾಗ. ಬಟ್ಟೆಯ ನಡುಗೆರೆ ಕುರ್ಚಿಯ ನಡುವಿಗೆ ಕೂರಿಸಿ, ನಾಲ್ಕು ಬದಿಯ ಮಧ್ಯದಲ್ಲಿ ಮೊಳೆಗಳನ್ನು ಅರ್ಧ ಮಾತ್ರ ಹೊಡೆದು, ಅಲ್ಲಿಂದ ಮೂಲೆಗಳತ್ತ ಸಾಗಬೇಕು. ನೆರಿಗೆ ಕಂಡರೆ ಮೊಳೆ ಕಿತ್ತು ಮತ್ತೆ ಎಳೆಯಬೇಕು. ಎಲ್ಲ ಸರಿಯಾದ ಮೇಲಷ್ಟೇ ಮೊಳೆ ಪೂರ್ತಿ ಇಳಿಸುವುದು. ಕಾಲಿನ ಸುತ್ತ ಬಟ್ಟೆ ಕತ್ತರಿಸುವಾಗ ಮರಕ್ಕೆ ಅರ್ಧ ಇಂಚು ಉಳಿದಿರುವಂತೆಯೇ ಕತ್ತರಿ ನಿಲ್ಲಿಸಿ, ಉಳಿದದ್ದನ್ನು ಎಳೆದು ನೋಡುತ್ತಾ ಸ್ವಲ್ಪ ಸ್ವಲ್ಪವೇ ಬಿಡಿಸಿ. ಹೆಚ್ಚು ಕತ್ತರಿಸಿದ ಬಟ್ಟೆಗೆ ಮದ್ದಿಲ್ಲ. ಕರಾವಳಿಯ ಸೆಕೆಗೆ ರೆಕ್ಸಿನ್‌ಗಿಂತ ದಪ್ಪ ಹತ್ತಿ ಬಟ್ಟೆ ಹಿತ, ಬೆವರು ಅಂಟುವುದಿಲ್ಲ.

ಮಾಡಿಸುವವರು ಕೇಳಬೇಕಾದದ್ದು

ಚೌಕಟ್ಟು ಸಿದ್ಧವಾದಾಗ, ಬಟ್ಟೆ ಹಾಕುವ ಮೊದಲು, ಖುದ್ದಾಗಿ ಹೋಗಿ ನೋಡುತ್ತೇನೆಂದು ಆಚಾರಿಯವರಿಗೆ ಮೊದಲೇ ಹೇಳಿ. ಹಿಂಗಾಲಿನ ಜೋಡಣೆಯಲ್ಲಿ ಸಂದಿದೆಯೇ, ಒಳಮೂಲೆಗಳಲ್ಲಿ ತುಂಡುಗಳಿವೆಯೇ, ಪಟ್ಟಿಗಳಲ್ಲಿ ಬಿಳಿ ಮರವಿದೆಯೇ ನೋಡಿ. ಎರಡೂ ತೋಳು ಹಿಡಿದು ಓರೆಯಾಗಿ ತಿರುಚಿದರೆ ಚೌಕಟ್ಟು ಸದ್ದು ಮಾಡಬಾರದು. ಮೆತ್ತೆ ಹಾಕುವವರನ್ನು ಪಟ್ಟಿ ಎಷ್ಟು, ಒಳಗೆ ಏನು ತುಂಬುತ್ತೀರಿ ಎಂದು ಕೇಳಿ. ಕೆಲಸ ಗೊತ್ತಿರುವವರು ಇಂಥ ಪ್ರಶ್ನೆಗೆ ಬೇಸರಿಸುವುದಿಲ್ಲ, ಸಂತೋಷದಿಂದ ತೋರಿಸುತ್ತಾರೆ. ಬಜೆಟ್ ಬಿಗಿಯಾಗಿದ್ದರೆ ಬಟ್ಟೆಯಲ್ಲಿ ಉಳಿಸಿ, ಮರದಲ್ಲಿ, ಜೋಡಣೆಯಲ್ಲಿ, ಪಟ್ಟಿಯಲ್ಲಿ ಉಳಿಸಬೇಡಿ. ಬಟ್ಟೆ ಸವೆದಾಗ ಅದನ್ನು ಹರಿದು ಎಸೆಯದೆ ಮೊಳೆ ಕಿತ್ತು ಜೋಪಾನವಾಗಿ ಬಿಡಿಸಿ, ಹೊಸ ಬಟ್ಟೆ ಕತ್ತರಿಸಲು ಅದೇ ಅಳತೆ. ಒಳಗಿನ ನಾರನ್ನು ಬಿಸಿಲಿಗೆ ಹಾಕಿ ಹಿಂಜಿ ಮತ್ತೆ ತುಂಬಬಹುದು. ಬಿಚ್ಚಿ ಮತ್ತೆ ಕಟ್ಟಲು ಬರುವಂತೆ ಮಾಡಿದ ಕುರ್ಚಿಗೆ ಮೊದಲು ಹೆಚ್ಚು ಹಣ ಬೀಳುತ್ತದೆ ನಿಜ. ಆದರೆ ಅದನ್ನು ಒಂದೇ ಸಲ ಕೊಂಡರೆ ಮುಗಿಯಿತು.