ಉಷ್ಣಮಾಪಕಕ್ಕೆ ಮರೆ, ಮಳೆಮಾಪಕಕ್ಕೆ ಬಯಲು

ಕನ್ನಂಬಾಡಿ ಕಟ್ಟೆಯ ನೀರು ಹರಿಯುವ ಪಾಂಡವಪುರ, ಶ್ರೀರಂಗಪಟ್ಟಣಗಳ ಗದ್ದೆಗಳಲ್ಲಿ ಬೇಸಗೆಯ ಭತ್ತವು ಹೂ ಬಿಡುವ ಹೊತ್ತಿಗೆ ಶಾಖವು 35 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ, ಪರಾಗವು ಕೆಟ್ಟು ತೆನೆಯಲ್ಲಿ ಜೊಳ್ಳು ಹೆಚ್ಚುವುದು. ಆದುದರಿಂದ 34 ಡಿಗ್ರಿಗೂ 36 ಡಿಗ್ರಿಗೂ ಇರುವ ಅಂತರವು ಅಲ್ಪವಾದುದಲ್ಲ. ಉಪಕರಣಕ್ಕೆ ತಕ್ಕ ಮರೆಯಿಲ್ಲದಿದ್ದರೆ ಇಷ್ಟು ತಪ್ಪು ಸುಲಭವಾಗಿ ಬರುವುದು.

ಪಾಂಡವಪುರದ ಕಡೆಯ ರೈತರೊಬ್ಬರು ತಮ್ಮ ಗದ್ದೆಯಲ್ಲಿ 41 ಡಿಗ್ರಿ ಇದೆಯೆಂದು ಗಾಬರಿಯಿಂದ ಬಂದರು. ಹೋಗಿ ನೋಡಲಾಗಿ, ಉಷ್ಣಮಾಪಕವು ಪಂಪುಮನೆಯ ಪಡುವಣ ಗೋಡೆಯಲ್ಲಿ, ತಗಡಿನ ಸೂರಿನ ಕೆಳಗೆ ತೂಗುತ್ತಿದ್ದಿತು. “ನೆರಳಿನಲ್ಲಿಯೇ ಇದೆಯಲ್ಲಾ ಸ್ವಾಮಿ” ಎಂದರು. ನೆರಳು ಇದ್ದಿತು ನಿಜ. ಆದರೆ ಕಾದ ಗೋಡೆ, ಕಾದ ತಗಡುಗಳ ಶಾಖವನ್ನೇ ಅದು ತೋರಿಸುತ್ತಿದ್ದಿತು.

ಬಿಸಿಲು ಬೀಳದೆ ಗಾಳಿ ಮಾತ್ರ ಆಡುವಂತೆ ಮಾಡುವ ಉಪಾಯವನ್ನು 1864ರಲ್ಲಿ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರು ಥಾಮಸ್ ಸ್ಟೀವನ್‌ಸನ್ನರು ಪ್ರಕಟಿಸಿದರು. ಅದು ಓರೆಯಾದ ಮರದ ಪಟ್ಟಿಗಳನ್ನು ಎರಡು ಸಾಲಾಗಿ ಜೋಡಿಸಿ ಬಿಳಿ ಬಣ್ಣ ಬಳಿದ ಪೆಟ್ಟಿಗೆ. ಇದನ್ನು ಹುಲ್ಲುನೆಲದ ಮೇಲೆ, ಉಷ್ಣಮಾಪಕದ ಬುರುಡೆಯು ಸುಮಾರು ನಾಲ್ಕು ಅಡಿ ಎತ್ತರದಲ್ಲಿರುವಂತೆ, ಬಾಗಿಲು ಉತ್ತರಕ್ಕೆ ಬರುವಂತೆ ನಿಲ್ಲಿಸತಕ್ಕದ್ದು. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುವನು. ಆಗ ಬಾಗಿಲು ತೆರೆದು ನಿಧಾನಿಸಬಾರದು. ಒಡನೆ ಓದಿ ಮುಚ್ಚಬೇಕು.

ಈಗಿನ ವಿದ್ಯುತ್ ಉಪಕರಣಗಳಿಗೆ ಒಂದರ ಮೇಲೊಂದು ಕವುಚಿದ ಬಿಳಿಯ ತಟ್ಟೆಗಳ ಮರೆಯಿರುವುದು. ಮಳೆಯು ತಟ್ಟೆಗಳ ಅಂಚಿನಿಂದ ಜಾರಿಹೋಗುವುದು. ಹನಿಯು ಒಳಹೊಕ್ಕು ಸಂವೇದಕವು ನೆನೆದರೆ, ತೇವವು ಆರುವಾಗ ತಂಪಾಗಿ, ಇರುವುದಕ್ಕಿಂತ ಕಡಿಮೆ ಶಾಖವನ್ನು ತೋರಿಸುವುದು. ಗಾಳಿಯಾಡದ ಬಿರುಬಿಸಿಲಿನಲ್ಲಿ ಒಳ್ಳೆಯ ತಟ್ಟೆಗಳೂ ಒಂದು ಡಿಗ್ರಿಯಷ್ಟು ಹೆಚ್ಚಾಗಿ ತೋರಿಸಬಹುದು. ಸಣ್ಣ ಬೀಸಣಿಗೆಯಿಂದ ಗಾಳಿಯನ್ನು ಎಳೆಯುವ ಮರೆಯು ಇದಕ್ಕೆ ಮೇಲು, ಆದರೆ ಬೆಲೆ ಹೆಚ್ಚು. ಇವೆಲ್ಲಕ್ಕಿಂತ ನಮ್ಮಲ್ಲಿ ಕಾಣುವ ದೋಷವು ಕೊಳೆಯೇ. ತಟ್ಟೆಗಳ ಸಂದಿಗಳಲ್ಲಿ ಜೇಡರ ಬಲೆ, ಕಣಜದ ಗೂಡು, ಆಲೆಮನೆಯ ಹೊಗೆಯ ಮಸಿ ತುಂಬಿದರೆ ಬಿಳಿಯೂ ಹೋಯಿತು, ಗಾಳಿಯೂ ನಿಂತಿತು. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಹೊರಮೈಯನ್ನು ಒರೆಸಿ, ಮೃದುವಾದ ಕುಂಚದಿಂದ ಸಂದಿಗಳನ್ನು ಶುಚಿಮಾಡತಕ್ಕದ್ದು.

ಹಿಮ ಬೀಳುವ ದೇಶಗಳಲ್ಲಿ ಪೆಟ್ಟಿಗೆಯೊಳಗೆ ನುಗ್ಗಿದ ಹಿಮವನ್ನು ಗುಡಿಸಬೇಕಾಗುವುದು. ಮಂಡ್ಯದ ಸೀಮೆಗೆ ಆ ಕಷ್ಟವಿಲ್ಲ.

ಮಳೆಮಾಪಕಕ್ಕೆ ಮಾತ್ರ ಈ ನಿಯಮವು ತಲೆಕೆಳಗು. ಅದರ ಮೇಲೆ ಯಾವ ಮರೆಯೂ ಬೀಳಕೂಡದು. ತೆಂಗು, ಮನೆ ಮೊದಲಾದವುಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ, ಸಾಧ್ಯವಾದರೆ ನಾಲ್ಕರಷ್ಟು ದೂರದಲ್ಲಿ ಅದನ್ನು ಇಡಬೇಕು. ನಾಗಮಂಗಲ, ಕೃಷ್ಣರಾಜಪೇಟೆಗಳ ಖುಷ್ಕಿ ರೈತನು ರಾಗಿ ಬಿತ್ತಲು ಹದಮಳೆಯನ್ನು ಕಾಯುತ್ತಿರುವಾಗ, ತೆಂಗಿನ ಗರಿಯು ತಡೆದ ಮಳೆಯು ಲೆಕ್ಕಕ್ಕೆ ಸೇರುವುದಿಲ್ಲ.